ಬಜಪೆಯಿಂದ ಕಲಬುರಗಿಗೆ ಎಷ್ಟು ದೂರ?

ಮಕ್ಕಳೇ, ಈ ಜೂನ್‌ನಲ್ಲಿ ನನ್ನ ಮಗಳಿಗೆ ಕಲಬುರಗಿಗೆ ವರ್ಗವಾಯಿತು. ಐದನೇ ತರಗತಿಯ ಮೊಮ್ಮಗಳು ಶಾಲೆ ಬದಲಿಸುವುದು ಬೇಡವೆಂದು ಮಂಗಳೂರಿನಲ್ಲಿ ನಮ್ಮೊಡನೆಯೇ ಉಳಿದಳು. ಮೊನ್ನೆ ರಾತ್ರಿ ಗಂಜಿ ಊಟ ಮಾಡುತ್ತಾ ಮೆಲ್ಲನೆ ಕೇಳಿದಳು: "ಅಜ್ಜ, ನನಗೆ ಜ್ವರ ಬಂದರೆ ಅಮ್ಮ ವಿಮಾನದಲ್ಲಿ ಎಷ್ಟು ಹೊತ್ತಲ್ಲಿ ಬರಬಹುದು?"

ಬ್ಯಾಂಕಿನಲ್ಲಿ ಲೆಕ್ಕ ಬರೆದೇ ತಲೆ ನರೆತವನು ನಾನು. ಕೈತೊಳೆದು ಅಟ್ಲಾಸ್ ತೆಗೆದೆ. ಅಜ್ಜಿಯ ಹೂ ಕಟ್ಟುವ ನೂಲನ್ನು ಬಜಪೆಯಿಂದ ಕಲಬುರಗಿಗೆ ಎಳೆದು ಹಿಡಿದು, ಸ್ಕೇಲಿನ ಮೇಲೆ ಇಟ್ಟೆವು. ಹತ್ತೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು. ಆ ಭೂಪಟದಲ್ಲಿ ಒಂದು ಸೆಂಟಿಮೀಟರಿಗೆ 50 ಕಿಲೋಮೀಟರ್. ಅಂದರೆ ಸುಮಾರು 530 ಕಿ.ಮೀ. ಆಕಾಶದಲ್ಲಿ ಘಟ್ಟದ ತಿರುವುಗಳಿಲ್ಲವಲ್ಲ, ಹಾಗಾಗಿ ರಸ್ತೆಗಿಂತ ಕಡಿಮೆ.

"ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ. ಹಾಗಾದರೆ 40 ನಿಮಿಷ!" ಎಂದು ಕುಣಿದಳು.

"ಅಷ್ಟು ಸುಲಭ ಅಲ್ಲ ಮಾರಾಯ್ತಿ" ಎಂದೆ. ಬ್ಯಾಂಕಿನಲ್ಲಿ ಡಿ.ಡಿ. ತೆಗೆಯುವಾಗ ಮೊತ್ತ ಎಷ್ಟೇ ಸಣ್ಣದಿರಲಿ, ಒಂದು ಕನಿಷ್ಠ ಕಮಿಷನ್ ಕೊಡಲೇಬೇಕಿತ್ತು. ವಿಮಾನಕ್ಕೂ ಹಾಗೆಯೇ. ಓಡುದಾರಿಯ ತುದಿಗೆ ನಿಧಾನವಾಗಿ ಹೋಗಬೇಕು, ಮೇಲೇರಬೇಕು, ಇಳಿಯುವ ಮೊದಲು ವೇಗ ತಗ್ಗಿಸಬೇಕು. ಇದಕ್ಕೆಲ್ಲ ಅಂದಾಜು 25 ನಿಮಿಷ ಸೇರಿಸಿದರೆ ಒಂದು ಗಂಟೆ ದಾಟಿತು. ಫ್ಯಾನಿನಂತೆ ಪ್ರೊಪೆಲ್ಲರ್ ತಿರುಗುವ ಎ.ಟಿ.ಆರ್. ವಿಮಾನವಾದರೆ ಅದರ ವೇಗ ಸುಮಾರು 500 ಮಾತ್ರ. ಆಗ ಒಂದೂವರೆ ಗಂಟೆ.

ನೇರ ವಿಮಾನ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಇಳಿದು ಇನ್ನೊಂದನ್ನು ಹತ್ತಬೇಕು. ನೂಲನ್ನು ಆ ದಾರಿಯಲ್ಲಿ ಬಾಗಿಸಿ ಅಳೆದೆವು: 460 ಮತ್ತು 305, ಒಟ್ಟು 765 ಕಿ.ಮೀ. ಕಾಯುವ ಹೊತ್ತು, ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮನೆಗೆ ಎಲ್ಲ ಕೂಡಿಸಿದಾಗ ಏಳು ಗಂಟೆ ಬಂತು.

ಪುಟ್ಟಿಯ ಮುಖ ಬಾಡಿತು. ಆಗ ನನ್ನ ಕಥೆ ಹೇಳಿದೆ. 1977ರಲ್ಲಿ ನಾನೂ ಅದೇ ಊರಿನ ಶಾಖೆಯಲ್ಲಿ ಗುಮಾಸ್ತ. ಆಗ ಅದರ ಹೆಸರು ಗುಲ್ಬರ್ಗ. ನಮ್ಮ ಬಜಪೆಯಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿತ್ತು. ಕಲಬುರಗಿಯ ನಿಲ್ದಾಣ ಶುರುವಾದದ್ದು 2019ರ ನವೆಂಬರಿನಲ್ಲಿ. ಇದ್ದಿದ್ದರೂ ನನ್ನ ಸಂಬಳಕ್ಕೆ ಎಟುಕುತ್ತಿರಲಿಲ್ಲ ಬಿಡಿ. ಅಪ್ಪನಿಗೆ ಜೋರು ಎಂದು ತಂತಿ ಬಂತು. ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಘಟ್ಟ ಇಳಿಯಲು ಇನ್ನೊಂದು. ಮಾರನೇ ದಿನ ಸಂಜೆ ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಏಳು ಗಂಟೆ ಅಂದರೆ, ಅಮ್ಮ ಬೆಳಿಗ್ಗೆ ಹೊರಟರೆ ಸಂಜೆ ನಾನು ಶಾಲೆಯಿಂದ ಬರುವಾಗ ಮನೆಯಲ್ಲಿರುತ್ತಾಳಾ?"

"ಇರುತ್ತಾಳೆ" ಎಂದೆ.

ನೂಲನ್ನು ಸುತ್ತಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಅಜ್ಜಿ ಈಗ ಹೂ ಕಟ್ಟಲು ಬೇರೆ ನೂಲು ಹುಡುಕುತ್ತಿದ್ದಾಳೆ.

ನೀವೂ ಒಂದು ನೂಲು ತೆಗೆದುಕೊಳ್ಳಿ. ಬೀದರಿನಿಂದ ಮೈಸೂರಿಗೆ ಅಳೆಯಿರಿ, 25 ನಿಮಿಷ ಸೇರಿಸಲು ಮರೆಯಬೇಡಿ. ಉತ್ತರವನ್ನು ದೂರದಲ್ಲಿರುವ ನಿಮ್ಮವರಿಗೆ ಫೋನ್ ಮಾಡಿ ಹೇಳಿ.