ಮರುಕ್ರಯದ ಕರಾರು ಕ್ರಯಪತ್ರದೊಳಗೇ ಇರಲಿ



ಭೂಮಿಯನ್ನು ಮಾರಿದವನಿಗೆ ಅದರ ಮೇಲೆ ಯಾವ ಹಕ್ಕೂ ಉಳಿಯಲಾರದು, ಅದು ಮೂರನೆಯವರ ಕೈಸೇರಿದ ಮೇಲಂತೂ ಕೇಳುವ ಮಾತೇ ಇಲ್ಲವೆಂಬ ಅಭಿಪ್ರಾಯವು ನಮ್ಮ ಕರಾವಳಿಯಲ್ಲಿ ವಿದ್ಯಾವಂತರ ಬಾಯಿಂದಲೂ ಕೇಳಿಬರುತ್ತಿರುವುದರಿಂದಲೂ, ಅದನ್ನು ನಂಬಿ ಬಡ ಕುಟುಂಬಗಳು ತಮಗೆ ನ್ಯಾಯವಾಗಿ ಸಲ್ಲತಕ್ಕುದನ್ನು ಕೇಳದೆಯೇ ಸುಮ್ಮನಾಗುತ್ತಿರುವುದರಿಂದಲೂ ಈ ಪತ್ರವನ್ನು ಬರೆಯುತ್ತಿದ್ದೇನೆ.

ಹೆಜಮಾಡಿಯಲ್ಲಿ, ಶಾಂಭವಿ ನದಿಗೂ ಕಡಲಿಗೂ ನಡುವಣ ಕೋಡಿಯ ಹಿತ್ತಿಲುಗಳಿಂದ ಹಿಡಿದು ಹೆದ್ದಾರಿಯ ಬದಿಯ ಗದ್ದೆಗಳವರೆಗೆ, ಮಗಳ ಮದುವೆಗೋ ದೋಣಿಯ ಇಂಜಿನಿಗೋ ಹಣದ ಅಡಚಣೆ ಬಂದಾಗ, ವಾಯಿದೆಯೊಳಗೆ ಹಣ ಹಿಂದಿರುಗಿಸಿದರೆ ಜಾಗವನ್ನು ಮರಳಿ ಬರೆದುಕೊಡುವೆನೆಂಬ ಮಾತಿನ ಮೇಲೆ ಹತ್ತಿಪ್ಪತ್ತು ಸೆಂಟ್ಸನ್ನು ಕ್ರಯಕ್ಕೆ ಕೊಡುವುದುಂಟು. ಅಂತಹ ಒಂದು ಕ್ರಯಪತ್ರವನ್ನು ನಾನು ಓದಿನೋಡಿದೆ. ನಾಲ್ಕು ದಿಕ್ಕಿನ ಚಕ್ಕುಬಂದಿ, ಫಲ ಬರುವ ತೆಂಗಿನಮರಗಳ ಲೆಕ್ಕ, ಬಾವಿಯ ಅರ್ಧಪಾಲು, ಮಾಮೂಲು ದಾರಿ, ನೀರು ಹರಿಯುವ ತೋಡು, ಎಲ್ಲವೂ ಅದರಲ್ಲಿದ್ದುವು. ಮರುಕ್ರಯದ ಮಾತೊಂದೇ ಇರಲಿಲ್ಲ. ಅದನ್ನು ಬೇರೊಂದು ಛಾಪಾಕಾಗದದಲ್ಲಿ ಬರೆದು, ನೋಂದಣಿಯಿಲ್ಲದೆ, ಮಾರಿದವನ ಕೈಗಿತ್ತಿದ್ದರು. ವಾಯಿದೆ ತೀರುವ ಮೊದಲೇ ಜಾಗವು ಇನ್ನೊಬ್ಬನಿಗೆ ಮಾರಾಟವಾಯಿತು. ಹಣ ಹೊಂದಿಸಿಕೊಂಡು ಹೋದವನಿಗೆ ಹೊಸ ಒಡೆಯನು, ತನಗೆ ಇದಾವುದೂ ತಿಳಿಯದೆಂದು ಹೇಳಿ ಬಾಗಿಲು ಹಾಕಿಕೊಂಡನು.

ಕಾನೂನು ಇಂತಹವರನ್ನು ಕೈಬಿಟ್ಟಿಲ್ಲ. ಕರಾರೊಂದರಿಂದಲೇ ಭೂಮಿಯಲ್ಲಿ ಸ್ವಾಮ್ಯ ಹುಟ್ಟದಾದರೂ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 40ನೆಯ ಮತ್ತು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 19ನೆಯ ಕಲಮುಗಳ ಪ್ರಕಾರ, ಕರಾರನ್ನು ಅರಿತು ಕೊಂಡವನು ಅದಕ್ಕೆ ಬದ್ಧನು. ಅರಿಯದೆ, ಸದ್ಭಾವದಿಂದ, ಬೆಲೆ ತೆತ್ತು ಕೊಂಡವನಿಗೆ ಮಾತ್ರ ವಿನಾಯಿತಿಯುಂಟು. ನಮ್ಮ ಈ ಭಾಗವು ಮದರಾಸು ಪ್ರಾಂತಕ್ಕೆ ಸೇರಿದ್ದಾಗಲೇ, 1928ರಲ್ಲಿ, ಅದೇ ಪ್ರಾಂತದ ಸಕಲಗುಣ ನಾಯುಡು ವ್ಯಾಜ್ಯದಲ್ಲಿ, ಮರುಕ್ರಯದ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಲೂ ಬಹುದೆಂದು ಪ್ರಿವಿ ಕೌನ್ಸಿಲು ತೀರ್ಪಿತ್ತಿತು. ವಾಯಿದೆ ಮೀರಿದವನಿಗೆ ನ್ಯಾಯಾಲಯವು ದಾಕ್ಷಿಣ್ಯ ತೋರುವುದಿಲ್ಲ. ಕೊಂಡವನೂ ಎಷ್ಟು ಕಾಲವೆಂದು ಕಾದಾನು, ಅದು ಸರಿಯೇ.

ಹೀಗಿರುವಾಗ ಎಲ್ಲವೂ ಹೊಸ ಒಡೆಯನಿಗೆ ಅರಿವಿತ್ತೇ ಎಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕ್ರಯಪತ್ರದೊಳಗೇ ಬರೆದ ಷರತ್ತಿಗೆ ನೋಂದಣಿಯೇ ಸಾಕ್ಷಿ, ಅದನ್ನು ಅರಿಯೆನೆನ್ನಲು ಯಾರಿಗೂ ಎಡೆಯಿಲ್ಲ. ಬೇರೆ ಕಾಗದದಲ್ಲಿದ್ದರೆ ಅರಿವನ್ನು ರುಜುವಾತುಪಡಿಸುತ್ತಾ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ವ್ಯವಹಾರವು ವಾಸ್ತವವಾಗಿ ಸಾಲಕ್ಕಿಟ್ಟ ಅಡಮಾನವೇ ಆಗಿದ್ದರೂ, ಷರತ್ತು ಕ್ರಯಪತ್ರದಲ್ಲಿಯೇ ಇರದಿದ್ದರೆ ಅದನ್ನು ಅಡಮಾನವೆಂದು ಎಣಿಸತಕ್ಕುದಲ್ಲವೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 1929ರ ತಿದ್ದುಪಡಿಯು ವಿಧಿಸಿದೆ. ಇಷ್ಟು ಸ್ಪಷ್ಟವಾದ ಎಚ್ಚರಿಕೆಯಿದ್ದೂ ಪತ್ರ ಬರೆಯುವವರು ಮಾರುವವನಿಗೆ ಅದನ್ನು ತಿಳಿಹೇಳದಿರುವುದು ನನಗೆ ಬಹಳ ನೋವಿನ ಸಂಗತಿ.

ಆದುದರಿಂದ, ಮರುಕ್ರಯದ ಒಪ್ಪಂದವೇನಾದರೂ ಇದೆಯೇ ಎಂದು ಉಪನೋಂದಣಾಧಿಕಾರಿಯು ಉಭಯರನ್ನೂ ಕೇಳಿ, ಇದ್ದರೆ ಅದನ್ನು ಪತ್ರದಲ್ಲಿಯೇ ಬರೆಯಿಸುವಂತೆಯೂ, ವಾಯಿದೆ ತೀರುವವರೆಗೆ ಋಣಭಾರ ಪತ್ರದಲ್ಲಿಯೂ ಪಹಣಿಯ 11ನೆಯ ಕಾಲಮಿನಲ್ಲಿಯೂ ಅದು ಕಾಣುವಂತೆಯೂ ಸರಕಾರವು ಆಜ್ಞೆ ಮಾಡಬೇಕು. ಇದರಿಂದ ಜಾಗಕ್ಕೆ ಗಿರಾಕಿಗಳು ಸಿಗುವುದಿಲ್ಲವೆಂದು ಕೆಲವರು ಆಕ್ಷೇಪಿಸುತ್ತಾರೆ. ಆದರೆ ತಾನು ಕೊಳ್ಳುವ ಜಾಗದ ಮೇಲೆ ಯಾರ ಹಕ್ಕು ಎಂದಿನವರೆಗಿದೆಯೆಂದು ಮೊದಲೇ ತಿಳಿಯುವುದು ಕೊಳ್ಳುವವನಿಗೂ ಹಿತವೇ. ಅಂತಹ ಆಜ್ಞೆ ಬರುವತನಕ, ಮರಳಿ ಪಡೆಯುವ ಆಸೆಯಿಟ್ಟುಕೊಂಡು ಮಾರುವ ನನ್ನ ಊರಿನವರು, ಆ ಒಂದು ಸಾಲನ್ನು ಕ್ರಯಪತ್ರದಲ್ಲಿ ಓದಿಸಿ ಕೇಳಿದ ಹೊರತು ರುಜು ಹಾಕದಿರಲಿ.

ಇತಿ,
ಒಬ್ಬ ವಾಚಕ, ಹೆಜಮಾಡಿ