ಬೀಗದ ಕೈಯೂ ಹೊಣೆಯೂ

ಮನೆಯ ಹೆಬ್ಬಾಗಿಲಿನ ಬೀಗದ ಕೈಯನ್ನು ಯಾರಿಗೆ ಕೊಡಬೇಕು, ಹಣದ ಪೆಟ್ಟಿಗೆಯ ಬೀಗದ ಕೈಯನ್ನು ಯಾರಿಗೆ ಕೊಡಬೇಕು ಎಂಬ ವಿವೇಚನೆ ಎಲ್ಲ ಗೃಹಸ್ಥರಿಗೂ ಉಂಟು. ಸರ್ಕಾರದ ಖಜಾನೆಗಳಲ್ಲಿ ಭದ್ರ ಕೊಠಡಿಗೆ ಎರಡು ಬೀಗಗಳನ್ನು ಹಾಕಿ, ಅವುಗಳ ಕೈಗಳನ್ನು ಇಬ್ಬರ ವಶಕ್ಕೆ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಒಬ್ಬರಿಲ್ಲದೆ ಮತ್ತೊಬ್ಬರು ಬಾಗಿಲು ತೆರೆಯಲಾರರು. ಕಚೇರಿಯ ಕಾಗದಪತ್ರಗಳು ಗಣಕಯಂತ್ರವನ್ನು ಸೇರುತ್ತಿರುವ ಈ ಕಾಲದಲ್ಲಿ ಅದೇ ನೀತಿಯು ಹೊಸ ರೂಪವನ್ನು ತಾಳಿದೆ.

ಗಣಕಯಂತ್ರವನ್ನು ಬಳಸುವ ನೌಕರನಿಗೆ ಅವನದೇ ಆದ ಒಂದು ಖಾತೆ ಇರುತ್ತದೆ. ಅದನ್ನು ತೆರೆಯಲು ಪಾಸ್‌ವರ್ಡ್ ಎಂಬ ಗುಪ್ತಪದವಿರುತ್ತದೆ. ಅವನು ಯಾವುದನ್ನು ಓದಬಹುದು, ಯಾವುದನ್ನು ಬರೆಯಬಹುದು, ಯಾವುದನ್ನು ಅಳಿಸಬಹುದು ಎಂಬುದನ್ನು ಮೊದಲೇ ಗೊತ್ತುಪಡಿಸಲಾಗುತ್ತದೆ. ಯಾರಿಗೇ ಆಗಲಿ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು ಎಂಬ ತತ್ತ್ವವನ್ನು 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಅಮೆರಿಕದ ವಿಜ್ಞಾನಿಗಳು ಸ್ಪಷ್ಟವಾಗಿ ನಿರೂಪಿಸಿದರು. 1992ರಲ್ಲಿ ಅದೇ ದೇಶದ ಫೆರೈಯೊಲೊ ಮತ್ತು ಕುನ್ ಎಂಬುವರು, ಅಧಿಕಾರವನ್ನು ನೇರವಾಗಿ ವ್ಯಕ್ತಿಗೆ ಕೊಡದೆ ಅವನು ವಹಿಸುವ ಪಾತ್ರಕ್ಕೆ ಕೊಡುವ ಮಾದರಿಯನ್ನು ಮುಂದಿಟ್ಟರು. ಇದರಂತೆ ಗುಮಾಸ್ತನಿಗೆ ಬಡ್ತಿ ಬಂದರೆ ಹಳೆಯ ಪಾತ್ರದ ಅಧಿಕಾರವು ಕಳಚಿ ಹೊಸ ಪಾತ್ರದ ಅಧಿಕಾರವು ಬರಬೇಕು. ನಿವೃತ್ತನಾದರೆ ಖಾತೆಯೇ ಮುಚ್ಚಬೇಕು.

ಇದರ ಮಹತ್ತ್ವವನ್ನು ಅರಿಯಲು ಕರ್ನಾಟಕದ ‘ಭೂಮಿ’ ಯೋಜನೆಯನ್ನು ನೋಡಬಹುದು. ಹಿಂದೆ ಪಹಣಿಯ ಪುಸ್ತಕಗಳು ಗ್ರಾಮ ಲೆಕ್ಕಿಗರ ವಶದಲ್ಲಿರುತ್ತಿದ್ದವು. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಆಗ ಅದನ್ನು ಬಳಸುವ ನೌಕರರನ್ನು ಬೆರಳಚ್ಚಿನಿಂದ ಗುರುತಿಸುವ ಏರ್ಪಾಡು ಮಾಡಲಾಯಿತು. ಗುಪ್ತಪದವನ್ನು ಎರವಲು ಕೊಡಬಹುದು. ಬೆರಳನ್ನು ಎರವಲು ಕೊಡಲಾಗದು. ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ದಾಖಲೆಯನ್ನು ತಿದ್ದುವುದಾಗಲಿ, ತಿದ್ದಿದವರು ಆಮೇಲೆ ‘ನಾನಲ್ಲ’ ಎನ್ನುವುದಾಗಲಿ ಸುಲಭವಾಗಬಾರದೆಂಬುದೇ ಅದರ ಉದ್ದೇಶ. ಪಹಣಿಯಲ್ಲಿ ಒಂದು ಹೆಸರು ಅಕ್ರಮವಾಗಿ ಬದಲಾದರೆ ರೈತನಿಗೆ ಬೆಳೆಸಾಲ ಸಿಕ್ಕದೆ ಹೋಗಬಹುದು; ಹೊಲಕ್ಕಾಗಿ ಅವನು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗಬಹುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇಂತಹ ಕಟ್ಟುಪಾಡುಗಳು ನೌಕರನ ಮೇಲಿನ ಅಪನಂಬಿಕೆಯ ಗುರುತು ಎಂದು ಕೆಲವರು ಆಕ್ಷೇಪಿಸುವುದುಂಟು. ಕೆಲಸ ನಿಧಾನವಾಗುತ್ತದೆಂದು ಗೊಣಗುವವರೂ ಉಂಟು. ಕೆಲಸವು ತುಸು ನಿಧಾನವಾಗಬಹುದು, ನಿಜ. ಅನಾವಶ್ಯಕವಾದ ತಡೆಗಳನ್ನು ತೆಗೆಯುವುದೂ ಆಡಳಿತದ ಕರ್ತವ್ಯವೇ. ಆದರೆ ಒಂದೇ ಗುಪ್ತಪದವನ್ನು ನಾಲ್ವರು ಬಳಸುವ ಕಚೇರಿಯಲ್ಲಿ ಅಪರಾಧ ನಡೆದರೆ ನಾಲ್ವರೂ ಸಂಶಯಕ್ಕೆ ಗುರಿಯಾಗುತ್ತಾರೆ. ತಪ್ಪಿತಸ್ಥನು ನಿರಪರಾಧಿಗಳ ನಡುವೆ ಅಡಗಿಕೊಳ್ಳುತ್ತಾನೆ. ಪ್ರತಿಯೊಬ್ಬನ ಕೆಲಸಕ್ಕೂ ಅವನದೇ ಗುರುತು ಇರುವಲ್ಲಿ ಪ್ರಾಮಾಣಿಕನು ನಿರ್ಭಯವಾಗಿರಬಲ್ಲನು. ಆದ್ದರಿಂದ ಈ ಕಟ್ಟುಪಾಡುಗಳು ಪ್ರಾಮಾಣಿಕನಿಗೆ ರಕ್ಷೆಯೇ ಹೊರತು ಅವಮಾನವಲ್ಲ.

ಸ್ನೇಹಕ್ಕಾಗಿ ಬರಿಯ ಕಾಗದದ ಮೇಲೆ ಸಹಿ ಹಾಕಿಕೊಡುವುದು ವಿವೇಕವಲ್ಲವೆಂದು ಹಿರಿಯರು ಎಚ್ಚರಿಸುತ್ತಾರೆ. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳುವುದೂ ಅಂತಹುದೇ. ಅಧಿಕಾರವು ಹುದ್ದೆಗೆ ಸೇರಿದ್ದು, ಹುದ್ದೆಯು ಜನರ ಸೇವೆಗೆ ಸೇರಿದ್ದು. ಆದ್ದರಿಂದ ತನಗೆ ಒಪ್ಪಿಸಿದ ಬೀಗದ ಕೈಯನ್ನು ಎಚ್ಚರದಿಂದ ಕಾಯುವುದೂ, ಕೆಲಸ ಮುಗಿದಾಗ ಅದನ್ನು ಮರಳಿ ಒಪ್ಪಿಸುವುದೂ ಜನರಿಗೆ ಸಲ್ಲಿಸುವ ಸೇವೆಯ ಭಾಗವೇ ಆಗಿವೆ.