ಗುಡ್ಡ ಅಗೆದರೆ ಬಾವಿಗೇನು?



ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕುಳಿತಾಗ ಕಾಲೇಜು ಓದುವ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಅಜ್ಜನ ಊರಿನ ಗುಡ್ಡದಲ್ಲಿ ಜಲ್ಲಿ ಕ್ವಾರಿ ಬರುತ್ತದಂತೆ. ಬಾವಿ ಕೆಡುತ್ತದೆ ಅಂತ ಅಜ್ಜನ ಚಿಂತೆ. ಕಲ್ಲು ತೆಗೆದರೆ ನೀರು ಯಾಕೆ ಕೆಡಬೇಕು?" ಜಲ್ಲಿ ಎಂದರೆ ಇಲ್ಲಿ ನೀವು 'ಕಪಚಿ' ಅನ್ನುತ್ತೀರಲ್ಲ, ಅದೇ. ನಮ್ಮ ಸ್ಯಾಟಲೈಟಿನ ಫ್ಲಾಟುಗಳೆಲ್ಲ ನಿಂತಿರುವುದು ಕಪಚಿಯ ಮೇಲೆಯೇ. ಆದ್ದರಿಂದ ಕ್ವಾರಿಯೇ ಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಅಜ್ಜನ ಚಿಂತೆ ಸುಳ್ಳಲ್ಲ.

ಮೊದಲು ನಮ್ಮ ಅಹಮದಾಬಾದನ್ನೇ ನೋಡಿ. 1891ರಲ್ಲಿ ರಣಛೋಡಲಾಲ್ ಛೋಟಾಲಾಲರ ಮುಂದಾಳುತನದಲ್ಲಿ ದೂಧೇಶ್ವರದ ಜಲಕೇಂದ್ರ ಆರಂಭವಾದಾಗ ನಗರಕ್ಕೆ ನೀರು ಬಂದದ್ದು ಸಾಬರಮತಿಯ ಪಾತ್ರದ ಬಾವಿಗಳಿಂದ. ನದಿಯ ನೀರು ಉಸುಕಿನಲ್ಲಿ ಸೋಸಿ ಬರುತ್ತಿತ್ತು. ಉಸುಕೇ ಫಿಲ್ಟರ್.

ಕರ್ನಾಟಕದ ಬಹುಭಾಗದಲ್ಲಿ ಇಷ್ಟು ಆಳದ ಉಸುಕಿಲ್ಲ. ಮೇಲೆ ಮಣ್ಣು, ಅದರಡಿ ಶಿಥಿಲವಾದ ಕಲ್ಲಿನ ಪದರ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಮಳೆನೀರು ಸೋಸುವುದು ಮೇಲಿನ ಎರಡು ಪದರಗಳಲ್ಲಿ. ಕೆಳಗೆ ಅದು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಕ್ವಾರಿಯವರು ಮೊದಲು ಕಿತ್ತೆಸೆಯುವುದು ಆ ಮೇಲಿನ ಪದರಗಳನ್ನೇ. ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಬಿರುಕುಗಳ ನೀರು ಅದರೊಳಕ್ಕೆ ಜಿನುಗುತ್ತದೆ. ಕೆಲಸ ನಡೆಯಲು ಅದನ್ನು ಪಂಪಿಟ್ಟು ಹೊರಹಾಕುತ್ತಾರೆ. ಅದೇ ಬಿರುಕನ್ನು ನಂಬಿದ ಪಕ್ಕದ ಹೊಲದ ಬಾವಿ ಇಳಿಯತೊಡಗುತ್ತದೆ.

ಇನ್ನು ಕೊಳೆ. ಯಂತ್ರಗಳ ಡೀಸೆಲ್, ಎಣ್ಣೆ ಒಂದು ಕಡೆ. ಬಂಡೆ ಸಿಡಿಸುವ ಮದ್ದಿನಲ್ಲಿ ಬಹಳಷ್ಟು ಅಮೋನಿಯಂ ನೈಟ್ರೇಟ್ ಇರುತ್ತದೆ. ಚೆಲ್ಲಿದ್ದು, ಸಿಡಿಯದೆ ಉಳಿದದ್ದು ಮಳೆಯಲ್ಲಿ ಕರಗಿ ಕೆಳಗಿಳಿದರೆ ನೀರಿನಲ್ಲಿ ನೈಟ್ರೇಟ್ ಏರಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಲು ಕಲಸಿ ಕುಡಿಸುವ ಎಳೆಗೂಸುಗಳಿಗೆ ಇದು ಅತ್ಯಂತ ಅಪಾಯಕಾರಿ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಸಾಂದ್ರವಾಗುತ್ತದೆ. ಗೊಬ್ಬರದಿಂದಲೂ, ಶೌಚಗುಂಡಿಗಳಿಂದಲೂ ನೈಟ್ರೇಟ್ ಬರುವುದರಿಂದ ಕ್ವಾರಿ ಬಂದ ಮೇಲೆ ಪರೀಕ್ಷೆ ಮಾಡಿಸಿದರೆ "ಇದು ಮೊದಲೇ ಇತ್ತು" ಎಂಬ ಉತ್ತರ ಸಿಗುತ್ತದೆ. ಅದಕ್ಕೇ ಪರೀಕ್ಷೆ ಈಗಲೇ ಆಗಬೇಕು. ದೀಪಾವಳಿಗೊಮ್ಮೆ, ಮೇ ತಿಂಗಳಲ್ಲೊಮ್ಮೆ ಬಾವಿಗೆ ಹಗ್ಗ ಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು, ತಾರೀಖು ಹಾಕಿ ಬರೆದಿಡಬೇಕು.

ನನಗೆ ಹೆಚ್ಚು ಭಯ ಕಲ್ಲು ಮುಗಿದ ನಂತರದ ಗುಂಡಿಯದು. ಬೆಂಗಳೂರಿನ ಉತ್ತರಕ್ಕಿರುವ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕ್ವಾರಿಗಳಿಗೆ ನಗರದ ಕಸ ಬಂದು ಬಿತ್ತು. ಕಸದಿಂದ ಇಳಿಯುವ ಕಪ್ಪು ರಸಕ್ಕೆ ಅಡ್ಡವಾಗಿ ಮಣ್ಣಿನ ಪದರವೂ ಇಲ್ಲದ ಜಾಗ ಅದು. ನಾರೋಲಿನ ಕಡೆ ಹೋಗುವಾಗ ನೀವು ಮೂಗು ಮುಚ್ಚಿಕೊಳ್ಳುವ ಪಿರಾಣಾದ ಕಸದ ಗುಡ್ಡ ಗೊತ್ತಲ್ಲ? 1982ರಿಂದ ಬೆಳೆದದ್ದು. ಅದನ್ನೇ ಬಂಡೆಯ ಗುಂಡಿಯೊಳಗೆ ತಲೆಕೆಳಗಾಗಿ ಇಟ್ಟಂತೆ ಊಹಿಸಿಕೊಳ್ಳಿ.

ಸ್ಫೋಟದ ಮಾತೂ ಇದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ, ಕ್ರಷರ್ ಇದ್ದ ಜಾಗದಲ್ಲಿ ಸ್ಫೋಟಕ ಸಿಡಿದು ಕನಿಷ್ಠ ಐವರು ಸತ್ತರು. ನೆರೆಯ ಜಿಲ್ಲೆಗಳವರೂ ಭೂಕಂಪವೆಂದುಕೊಂಡು ಮನೆಯಿಂದ ಹೊರಗೆ ಓಡಿಬಂದರು. ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಹೋದರು. ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಕನ್ನಂಬಾಡಿ ಕಟ್ಟೆಗೇ ಅಪಾಯವೆಂಬ ಆತಂಕ ಬೆಳೆದು, 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಅಣೆಕಟ್ಟಿನ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು.

ಕಾನೂನು ಏನು ಹೇಳುತ್ತದೆ? ಗುತ್ತಿಗೆಯನ್ನು 5 ಹೆಕ್ಟೇರಿಗಿಂತ ಚಿಕ್ಕ ತುಂಡುಗಳಾಗಿ ಒಡೆದು ಪರಿಸರ ಅನುಮತಿಯಿಂದ ನುಣುಚಿಕೊಳ್ಳುವ ಜಾಣತನ ಹಿಂದೆ ನಡೆಯುತ್ತಿತ್ತು. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಚಿಕ್ಕ ತುಂಡಿಗೂ ಅನುಮತಿ ಬೇಕೆಂದಿತು. ಸಾರ್ವಜನಿಕ ವಿಚಾರಣೆ ನಡೆಯುವ ಯೋಜನೆಯಾದರೆ, 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಪೂರ್ಣ ವರದಿ ಮಾತ್ರ ಸಾಮಾನ್ಯವಾಗಿ ದಪ್ಪ ಇಂಗ್ಲಿಷ್ ಪುಸ್ತಕ. ಊರಿನ ಹಿರಿಯರು ಅದನ್ನು ಕೈಯಲ್ಲಿ ತೂಗಿ ಕೆಳಗಿಡುತ್ತಾರೆ. ನೀವು ಓದಬಲ್ಲಿರಿ.

ಎಲ್ಲ ಪುಟ ಬೇಡ. ಗುಂಡಿಯ ಕೊನೆಯ ಆಳ ಎಷ್ಟು, ಮಳೆಗಾಲ ಮುಗಿದಾಗ ನೀರಿನ ಮಟ್ಟ ಎಷ್ಟು – ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಳೆದ ಬಾವಿಗಳ ಪಟ್ಟಿಯಲ್ಲಿ ನಿಮ್ಮ ಊರಿನದು ಇದೆಯೇ, ಮದ್ದು ಎಲ್ಲಿ ಇಡುತ್ತಾರೆ, ಕೊನೆಗೆ ಗುಂಡಿಗೆ ಏನು ತುಂಬುತ್ತಾರೆ, ಇಷ್ಟನ್ನು ಹುಡುಕಿ. ಸಭೆಯಲ್ಲಿ ಮಾತಾಡುವುದು ಸ್ಥಳೀಯರ ಹಕ್ಕು. ಆದರೆ ಪರಿಸರದ ದೃಷ್ಟಿಯಿಂದ ಸಂಬಂಧವುಳ್ಳ ಬೇರೆಯವರೂ ಲಿಖಿತವಾಗಿ ಆಕ್ಷೇಪ ಕಳಿಸಬಹುದು. ವಿಳಾಸ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ. ಕನ್ನಡದಲ್ಲಿ ಬರೆಯುವ ಮನಸ್ಸಿದ್ದರೆ ಕರಡು ತನ್ನಿ, ಒಟ್ಟಿಗೆ ಕುಳಿತು ತಿದ್ದೋಣ.